ಸತ್ಯಾಂಶ: ನೆರೆ ಪರಿಹಾರವನ್ನು ಉಪಗ್ರಹವೇ ನಿರ್ಧರಿಸುತ್ತದೆಯೇ?

"ಉಪಗ್ರಹ ನಿಮ್ಮ ಹೊಲದ ಹಾನಿಯನ್ನು ನೋಡಿರುತ್ತದೆ, ಯಾರಿಗೂ ತಿಳಿಸಬೇಕಿಲ್ಲ, ಪರಿಹಾರ ತಾನಾಗಿ ಖಾತೆಗೆ ಬರುತ್ತದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ. ನಂಬಿ ಸುಮ್ಮನೆ ಕೂತರೆ ನಷ್ಟ ರೈತನಿಗೇ.

ನೆರೆ ನಿಂತ ಪ್ರದೇಶವನ್ನು ಉಪಗ್ರಹ ಚೆನ್ನಾಗಿಯೇ ಗುರುತಿಸುತ್ತದೆ. ಮಳೆಗಾಲದ ಮೋಡ ಸಾಮಾನ್ಯ ಕ್ಯಾಮೆರಾಕ್ಕೆ ಅಡ್ಡ ಬರುತ್ತದೆ; ಯುರೋಪಿನ ಸೆಂಟಿನೆಲ್-1, ಇಸ್ರೋದ ಇಒಎಸ್-04 ಉಪಗ್ರಹಗಳ ರೇಡಾರ್‌ಗೆ ಮೋಡ ತಡೆಯಲ್ಲ. ನಿಂತ ನೀರು ರೇಡಾರ್ ಅಲೆಯನ್ನು ಬೇರೆಡೆಗೆ ಚಿಮ್ಮಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇಂಥ ನೆರೆ ನಕ್ಷೆಗಳನ್ನು ಸಿದ್ಧಪಡಿಸುತ್ತದೆ.

ಆದರೆ ನೀರು ಕಂಡಿತು ಎಂದರೆ ಹಾನಿ ಅಳೆದಂತಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದ ಬೆಳಗಾವಿ, ಬಾಗಲಕೋಟೆ ಕಬ್ಬಿನ ಸೀಮೆ. ಎತ್ತರದ ಕಬ್ಬಿನ ಕೆಳಗಿನ ನೀರು ಈ ರೇಡಾರಿಗೆ ತಪ್ಪಿಹೋಗಬಹುದು. ಉಪಗ್ರಹ ಮತ್ತೆ ಹಾದುಬರುವಷ್ಟರಲ್ಲಿ ನೀರು ಇಳಿದಿರಲೂಬಹುದು.

ವಿಪತ್ತು ನಿಧಿಯ ಪರಿಹಾರಕ್ಕೆ ಶೇ. 33 ಅಥವಾ ಹೆಚ್ಚು ಬೆಳೆಹಾನಿ ಆಗಿರಬೇಕು. ಅದನ್ನು ನಮ್ಮಲ್ಲಿ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆ ನಿರ್ಧರಿಸುತ್ತದೆ. ಫಸಲ್ ಬಿಮಾ (ಬೆಳೆ ವಿಮೆ) ವ್ಯಾಪ್ತಿಯ ಹೊಲಮಟ್ಟದ ಹಾನಿಯನ್ನಂತೂ 72 ಗಂಟೆಯೊಳಗೆ ರೈತನೇ ತಿಳಿಸಬೇಕು.