ಕೋಡ್ ಬಂತಾ? ಯಾರ ಕೋಡ್?

ಟೀಮಿನವರೆಲ್ಲ ಹಂಚಿಕೊಂಡ ಮೇಲ್‌ಬಾಕ್ಸಿಗೆ ಎನ್‌ಕ್ರಿಪ್ಟ್ ಆದ (ಬೀಗ ಹಾಕಿದ) ಮೇಲ್ ಬಂತು ಅಂದರೆ ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ. ಇವತ್ತೂ ಹೋಯಿತು. ಆ ಉರಿ ಇನ್ನೂ ಆರಿಲ್ಲ.

ಇಂಥ ಮೇಲ್ ತೆರೆದರೆ ಒಳಗೆ ಮೇಲ್ ಇರುವುದಿಲ್ಲ. 'ಸಂದೇಶ ಓದಿ' ಅಂತ ಒಂದು ಬಟನ್ ಇರುತ್ತದೆ, ಅಷ್ಟೇ. ಒತ್ತಿದರೆ ಲಾಗಿನ್ ಆಗಿ ಅನ್ನುತ್ತದೆ. ನನ್ನ ಹೆಸರಲ್ಲಿ ಆದರೆ, ಇದು ನಿಮಗೆ ಬಂದಿದ್ದಲ್ಲ ಅನ್ನುತ್ತದೆ. ಟೀಮಿನ ಹೆಸರಲ್ಲೇ ಆಗೋಣ ಅಂದರೆ ಶೇರ್ಡ್ ಮೇಲ್‌ಬಾಕ್ಸಿನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಗೊತ್ತಿರಲೂಬಾರದಂತೆ. ಐಟಿಯವರನ್ನು ಕೇಳಿದೆ. "ಫುಲ್ ಆಕ್ಸೆಸ್ ಗ್ರೂಪಿಗೆ ಕೊಟ್ಟಿದೀವಿ. ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ಕೊಡಬೇಕು. ಟಿಕೆಟ್ ಹಾಕಿ" ಅಂದರು. ಟಿಕೆಟ್, ಅಂದರೆ ಐಟಿಗೆ ಕೋರಿಕೆ, ಹಾಕಿದ್ದೇನೆ. ಅದು ಹಾಕಿದಲ್ಲೇ ಇದೆ.

ಉಳಿದಿದ್ದು ಒನ್ ಟೈಮ್ ಪಾಸ್‌ಕೋಡ್. ಅದು ಬರುವುದೂ ಇದೇ ಮೇಲ್‌ಬಾಕ್ಸಿಗೆ. ಅದರ ಆಯುಸ್ಸು 15 ನಿಮಿಷ. ಮಜಾ ಏನೆಂದರೆ, ನಾನು ಕೋಡ್ ಕೇಳಿದ ಹೊತ್ತಿಗೇ ಪಕ್ಕದವರೂ ಅದೇ ಮೇಲ್ ತೆರೆಯಲು ಕೇಳಿರುತ್ತಾರೆ. ಒಂದರ ಹಿಂದೆ ಒಂದು ಕೋಡ್ ಬಂದು ಬೀಳುತ್ತದೆ. ಯಾವುದು ಯಾರದ್ದು ಅಂತ ರೆಫರೆನ್ಸ್ ನಂಬರ್ ತಾಳೆ ನೋಡಬೇಕು. "ನಿಮ್ಮದು 4ರಿಂದ ಶುರುವಾಗತ್ತಾ?" "ಇಲ್ಲ, 7." "ಹಾಗಾದ್ರೆ ಈ 4 ಯಾರದ್ದು ಮಾರಾಯ್ರೇ?"

ಇಷ್ಟಾದರೂ ಹೇಗೋ ನಿಭಾಯಿಸಬಹುದಿತ್ತು. ಆದರೆ ನಮ್ಮ ಟೀಮಿನಲ್ಲಿ ಒಬ್ಬ ಸರ್ ಇದ್ದಾರೆ. ಮೇಲ್‌ಬಾಕ್ಸಿನಲ್ಲಿ ಓದದ ಮೇಲ್ ಒಂದು ಕಂಡರೂ ಅವರಿಗೆ ಸಮಾಧಾನ ಇಲ್ಲ. ಎಡಗೈಯಲ್ಲಿ ಕಾಫಿ ಲೋಟ, ಬಲಗೈಯ ಉಂಗುರದ ಬೆರಳು ಡಿಲೀಟ್ ಕೀ ಮೇಲೆ. ಕಣ್ಣು ಪರದೆ ಮೇಲಿದ್ದರೂ ಬಾಯಿ ಮಾತ್ರ ನಮ್ಮ ಜೊತೆ ಹರಟುತ್ತಲೇ ಇರುತ್ತದೆ. ಟಕ್, ಒಂದು ಹೋಯ್ತು. ಟಕ್, ಇನ್ನೊಂದು. ನಂಬರ್ ಮಾತ್ರ ಇರುವ ಮೇಲ್ ಎಲ್ಲವೂ ಅವರ ಪ್ರಕಾರ ಕಸ.

"ಸರ್, ಈಗ ಒಂದು ಕೋಡ್ ಬಂತಲ್ಲ?"

"ಅದಾ? ತೆಗೆದುಬಿಟ್ಟೆ ಕಣ್ರೀ. ಸುಮ್ನೆ ಜಾಗ ತಿಂತಿತ್ತು."

ಡಿಲೀಟೆಡ್ ಐಟಮ್ಸಿಗೆ ಓಡಿದರೆ ಅದನ್ನೂ ಖಾಲಿ ಮಾಡಿರುತ್ತಾರೆ. ಇನ್ನೊಂದು ಕೋಡ್ ಕೇಳಿ, "ಸರ್, ದಯವಿಟ್ಟು ಕೈ ತೆಗೀರಿ" ಅಂತ ಬೇಡಿಕೊಂಡೆ. ಎರಡೂ ಕೈ ಎತ್ತಿ ತೋರಿಸಿದರು. ಅಷ್ಟರಲ್ಲಿ ಕೋಡ್ ಬಂತು. ಅಭ್ಯಾಸಬಲ ನೋಡಿ, ಒಂದು ಕೈ ತಾನಾಗೇ ಇಳಿಯಿತು. ಟಕ್.

ಊಟಕ್ಕೆ ಅವರು ಎದ್ದು ಹೋದ ಮೇಲೆ ಮೇಲ್ ತೆರೆಯಿತು. "ಹಿಂದಿನ ಮೇಲ್‌ನಲ್ಲಿ ಅಟ್ಯಾಚ್‌ಮೆಂಟ್ ಬಿಟ್ಟುಹೋಗಿತ್ತು, ಸಂಜೆ ಕಳಿಸುತ್ತೇನೆ." ಇಷ್ಟೇ. ಹಲ್ಲು ಕಚ್ಚಿಕೊಂಡು 'ಸರಿ' ಅಂತ ಉತ್ತರ ಕೊಟ್ಟೆ. ಆ 'ಸರಿ'ಯೂ ಎನ್‌ಕ್ರಿಪ್ಟ್ ಆಗಿಯೇ ಹೋಯಿತು.

ಮೇಲಿಗೆ ಬೀಗ ಹಾಕುವುದು ಹೊಸದೇನಲ್ಲ. ಫಿಲ್ ಜಿಮ್ಮರ್‌ಮನ್ ಅನ್ನುವವರು ಮೇಲ್ ಎನ್‌ಕ್ರಿಪ್ಟ್ ಮಾಡುವ ಪಿಜಿಪಿ ಸಾಫ್ಟ್‌ವೇರ್ ಬಿಟ್ಟಿದ್ದೇ 1991ರಲ್ಲಿ. ಇಷ್ಟು ವರ್ಷವಾದರೂ ಈ ಬೀಗಗಳ ಲೆಕ್ಕದಲ್ಲಿ ಒಂದು ಕೀಲಿಗೆ ಒಬ್ಬ ಯಜಮಾನ. ಒಂದೇ ಡಬ್ಬಿಗೆ ಕೈ ಹಾಕುವ ನಮ್ಮಂಥವರು ಅವಕ್ಕೆ ಅರ್ಥವಾಗುವುದಿಲ್ಲ. ಹಿಂದೆ ಎಸ್‌ಮೈಮ್ ಅನ್ನುವ ಇನ್ನೊಂದು ಥರದ ಬೀಗ ಇದ್ದಾಗ ಟೀಮಿನ ಕೀಲಿ ಇದ್ದಿದ್ದು ಒಬ್ಬ ಮೇಡಂ ಅವರ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅವರು ಕೆಲಸ ಬಿಟ್ಟರು, ಆಫೀಸಿನವರು ಲ್ಯಾಪ್‌ಟಾಪಿನಲ್ಲಿದ್ದುದನ್ನೆಲ್ಲ ಅಳಿಸಿ ಬೇರೆಯವರಿಗೆ ಕೊಟ್ಟರು. ಆಗಿನ ಮೇಲ್‌ಗಳು ಇನ್ನೂ ಒಂದು ಫೋಲ್ಡರಿನಲ್ಲಿವೆ. ಎನ್‌ಕ್ರಿಪ್ಟ್ ಮಾಡಿದರೂ ಸಬ್ಜೆಕ್ಟ್ ಕಾಣುತ್ತದಲ್ಲ, ಒಂದರಲ್ಲಿ 'ನಿಮ್ಮ ಟೀಮಿಗೆ ಧನ್ಯವಾದ' ಅಂತಿದೆ. ನಮಗೆ ಧನ್ಯವಾದ ಹೇಳುವವರೇ ಕಮ್ಮಿ. ಯಾಕೆ ಹೇಳಿದ್ದರೋ, ಓದಬೇಕು ಅನ್ನಿಸುತ್ತದೆ. ಇನ್ನು ಅದು ತೆರೆಯುವುದಿಲ್ಲ. ಸರ್ ಕೂಡ ಆ ಫೋಲ್ಡರಿಗೆ ಕೈ ಹಾಕಿಲ್ಲ, ಅಷ್ಟು ಪುಣ್ಯ.

ಸಂಜೆ ಹೇಳಿದ ಹಾಗೇ ಅಟ್ಯಾಚ್‌ಮೆಂಟ್ ಬಂತು. ಈ ಸಲ ಮೇಲಿಗೆ ಬೀಗ ಇಲ್ಲ, ಪಿಡಿಎಫ್‌ಗೆ ಪಾಸ್‌ವರ್ಡ್. "ಸುರಕ್ಷತೆಗಾಗಿ ಪಾಸ್‌ವರ್ಡನ್ನು ಪ್ರತ್ಯೇಕ ಮೇಲ್‌ನಲ್ಲಿ ಕಳಿಸಿದ್ದೇನೆ." ಪ್ರತ್ಯೇಕ ಮೇಲ್ ಅಂದರೆ ಇದೇ ಮೇಲ್‌ಬಾಕ್ಸಿಗೆ, ಒಂದು ನಿಮಿಷ ತಡವಾಗಿ. ಒಳಗೆ ಬರೀ ನಂಬರ್.

"ಸರ್..." ಅಂದೆ.

"ಯಾಕ್ರೀ, ಅದೂ ಬೇಕಿತ್ತಾ?"