ಹುಟ್ಟಿದ ದೇವರು, ಹುಟ್ಟದ ದೇವರು

ತುಲಾ ಸಂಕ್ರಮಣಕ್ಕೆ ಊರಿಗೆ ಬಂದರೆ ಭಾಗಮಂಡಲದ ಚಿಕ್ಕಮ್ಮನ ಮನೆಯಲ್ಲೇ ನನ್ನ ಠಿಕಾಣಿ. ಈ ಸಲ ಅಕ್ಕಿ ರೊಟ್ಟಿ ತಟ್ಟುತ್ತಾ ಕೇಳಿದರು, "ಅಲ್ಲ ಮಾರಾಯ, ನಿಮ್ಮ ಲುಧಿಯಾನದ ಸರ್ದಾರ್ಜಿಗಳಿಗೆ ದೇವರು ಯಾರು? ಆ ಬಿಳಿ ಗಡ್ಡದ ಅಜ್ಜನಾ?" ನನ್ನ ಮೊಬೈಲಿನಲ್ಲಿ ಗುರು ನಾನಕರ ಚಿತ್ರ ನೋಡಿದ್ದರು.

ಪಂಜಾಬಿಗೆ ಹೋದ ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಪಕ್ಕದ ಮನೆಯ ಹಿರಿಯ ಸರ್ದಾರ್ಜಿ ಹತ್ತಿರ, "ನಿಮ್ಮ ನಾನಕರೂ ನಮ್ಮ ವಿಷ್ಣುವಿನ ಅವತಾರದ ಹಾಗೇ, ಎಲ್ಲಾ ಒಂದೇ ಬಿಡಿ" ಅಂದುಬಿಟ್ಟೆ. ದೊಡ್ಡ ಮನಸ್ಸು ತೋರಿಸಿದೆ ಅಂತ ನನ್ನ ಲೆಕ್ಕ. ಅವರು ಚಹಾ ಲೋಟ ಕೆಳಗಿಟ್ಟರು. "ಗುರು ದೇವರಲ್ಲ. ದೇವರು ಹುಟ್ಟೋದೇ ಇಲ್ಲ" ಅಂದರು.

ಸಿಖ್ಖರ ಮೂಲಮಂತ್ರ ಶುರುವಾಗುವುದೇ 'ಇಕ್ ಓಂಕಾರ್', ದೇವರೊಬ್ಬನೇ ಎಂದು. ಮುಂದೆ 'ಅಜೂನಿ' ಅಂತ ಒಂದು ಪದ ಬರುತ್ತದೆ. ಯೋನಿಗೆ ಬಾರದವನು. ಬಸಿರಿಲ್ಲ, ತೊಟ್ಟಿಲಿಲ್ಲ. ಅವರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್‌ನಲ್ಲಿ ರಾಮ, ಹರಿ, ಗೋವಿಂದ ಎಂಬ ಹೆಸರುಗಳು ಬೇಕಾದಷ್ಟಿವೆ, ಅಲ್ಲಾ ಎಂಬುದೂ ಇದೆ. ಆದರೆ ಅವರು ಕರೆಯುವ ರಾಮ ದಶರಥನ ಮಗ ಅಲ್ಲ.

ನಮ್ಮ ಕಾವೇರಮ್ಮ ನೋಡಿ. ಕವೇರ ಮುನಿ ಸಾಕಿದ ಮಗಳು, ಅಗಸ್ತ್ಯರ ಹೆಂಡತಿ. ಕಮಂಡಲದಲ್ಲಿ ಬಿಟ್ಟುಹೋದ ಗಂಡನ ಮೇಲೆ ಮುನಿಸಿಕೊಂಡು ಹರಿದುಹೋದವಳು. ತಲಕಾವೇರಿಯಲ್ಲಿ ಅವಳು ಉಕ್ಕಿ ಬರುವ ಕುಂಡಿಕೆ ದೊಡ್ಡದೇನಲ್ಲ, ಸಣ್ಣ ಚೌಕ. ಪಂಚಾಂಗ ಹೇಳಿದ ಗಳಿಗೆಗೆ ಆ ಚಳಿ, ಮಂಜಿನಲ್ಲಿ ಸಾವಿರಾರು ಕಣ್ಣು ಅದರ ಮೇಲೇ. ಅರ್ಚಕರು ತೀರ್ಥ ಎರಚುತ್ತಿದ್ದ ಹಾಗೆ ಚಿಕ್ಕಮ್ಮ ನನ್ನ ತೋಳು ಹಿಡಿದು, "ಬಂದ್ಲು!" ಅಂದರು. ನೀರು ಉಕ್ಕಿತು ಅನ್ನಲಿಲ್ಲ. ತವರಿಗೆ ಬಂದ ಮಗಳ ಬಗ್ಗೆ ಹೇಳುವ ದನಿ ಅದು.

ಹಿಂದೂಗಳಿಗೆ ಬಹಳ ದೇವರು, ಸಿಖ್ಖರಿಗೆ ಒಬ್ಬನೇ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ದೇವನೊಬ್ಬ ನಾಮ ಹಲವು ಅನ್ನೋದು ನಮ್ಮಲ್ಲೂ ಉಂಟು, ನಿರ್ಗುಣದ ಮಾತೂ ಉಂಟು. ನಮ್ಮ ದೇವರು ಹುಟ್ಟುತ್ತಾರೆ, ಮದುವೆಯಾಗುತ್ತಾರೆ, ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ. ಅವರ ದೇವರು ಬರುವುದಿಲ್ಲ, ಎಲ್ಲಾ ಕಡೆ ಮೊದಲೇ ಇರುವವನು ಎಲ್ಲಿಂದ ಬರಬೇಕು? ಇಲ್ಲೇ ನೋಡಿ ದಾರಿ ಕವಲಾಗೋದು.

ಹಾಗಂತ ಗುರುದ್ವಾರದಲ್ಲಿ ನನಗೆ ಗೊಂದಲವೇ ಆಗಲಿಲ್ಲ ಅಂದರೆ ಸುಳ್ಳು. 1604ರಲ್ಲಿ ಗುರು ಅರ್ಜನ್ ಮೊದಲು ಸಂಗ್ರಹಿಸಿದ್ದು, 1708ರಲ್ಲಿ ಗುರು ಗೋಬಿಂದ್ ಸಿಂಗ್ ಇನ್ನು ಇದೇ ಗುರು ಎಂದದ್ದು, 1430 ಪುಟಗಳ ಆ ಗ್ರಂಥ. ರಾತ್ರಿ ಅದನ್ನು ತಲೆಯ ಮೇಲೆ ಹೊತ್ತು ಮಲಗಿಸಲು ಒಯ್ಯುತ್ತಾರೆ. ಹಗಲು ಚಾಮರ ಬೀಸುತ್ತಾರೆ. ಇದು ಉತ್ಸವಮೂರ್ತಿಯಲ್ಲದೆ ಇನ್ನೇನು ಅನಿಸಿತ್ತು. ಮರ್ಯಾದೆ ಗುರುವಿನ ಮಾತಿಗೆ, ವಿಗ್ರಹಕ್ಕಲ್ಲ ಎಂದು ಸರ್ದಾರ್ಜಿ ಬಿಡಿಸಿ ಹೇಳಿದರು. ತಲೆಗೆ ಹೋಯಿತು. ಕಣ್ಣು ಮಾತ್ರ ಇನ್ನೂ ಕೊಡಗಿನದೇ.

ಹೋದ ವರ್ಷ ಅವರಿಗೆ ಒಂದು ಬಾಟಲಿ ಕಾವೇರಿ ತೀರ್ಥ ಒಯ್ದಿದ್ದೆ. ಗುರುದ್ವಾರದಲ್ಲಿ ಕಡಾ ಪ್ರಸಾದದ ಹಲ್ವ ತಗೊಳ್ಳುವ ಹಾಗೇ ಬೊಗಸೆಯೊಡ್ಡಿ ತಗೊಂಡರು. ಕುಡಿದರು. ಆಮೇಲೆ ನಾನಕರ ಸಾಲೊಂದನ್ನು ಹೇಳಿದರು: ಅವನಿಗೆ ಇಷ್ಟವಾದರೆ ಅದೇ ನನ್ನ ತೀರ್ಥಸ್ನಾನ, ಇಲ್ಲದಿದ್ದರೆ ಮಿಂದು ಏನು ಮಾಡಲಿ?

"ಮತ್ತೆ ಅಮೃತಸರದ ಸರೋವರದಲ್ಲಿ ನೀವೆಲ್ಲ ಯಾಕೆ ಮುಳುಗ್ತೀರಿ?" ಅಂದೆ. ಜೋರಾಗಿ ನಕ್ಕರು. ಉತ್ತರ ಹೇಳಲಿಲ್ಲ.

ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದಾಗ ಅವರು ತೆಂಗಿನಕಾಯಿಗೆ ಕೆಂಪು ರೇಷ್ಮೆ ಸುತ್ತಿ ಕಾವೇರಮ್ಮನನ್ನು ಮಾಡುತ್ತಿದ್ದರು. ತಮ್ಮ ಕರಿಮಣಿ ಸರವನ್ನೇ ತೆಗೆದು ಅದಕ್ಕೆ ಹಾಕಿ, ಸ್ವಲ್ಪ ಹಿಂದೆ ಸರಿದು ನೋಡಿದರು.

"ಹುಟ್ಟದೇ ಇರೋ ದೇವರಿಗೆ ಸೀರೆ ಉಡಿಸೋದು ಹೇಗಪ್ಪ? ಪಾಪ ಅವರಿಗೆ" ಅಂದರು.