ಎತ್ತಿಲ್ಲದ ದಂಡಯಾತ್ರೆ

2025ರ ಮೇ 8ರ ರಾತ್ರಿ ನಮ್ಮ ಟಿವಿಯವರು ಕರಾಚಿ ಬಂದರನ್ನು ಸುಟ್ಟು ಬೂದಿ ಮಾಡಿದ್ದು ನೆನಪಿರಬೇಕಲ್ಲ? ಬೆಳಗಾಗಿ ನೋಡಿದರೆ ಬಂದರು ಇದ್ದ ಹಾಗೇ ಇತ್ತು. ನೌಕಾಪಡೆಗೂ ಗೊತ್ತಾಗದ ಹಾಗೆ ಇಷ್ಟು ದೊಡ್ಡ ಕೆಲಸ ಮುಗಿಸಿ, ನಡುನಡುವೆ ಜಾಹೀರಾತೂ ತೋರಿಸಿದರಲ್ಲ, ಭೇಷ್ ಅನ್ನಲೇಬೇಕು.

ಈಗಲೂ ಗಡಿಯಲ್ಲಿ ಏನಾದರೂ ಸದ್ದಾದರೆ ಅದೇ ಭೂಪಟ, ಅದೇ ಕೆಂಪು ಬಾಣ. ಬಾಣ ಹೊರಟಿತು ಅಂದರೆ ಊರು ಬಿತ್ತು ಅಂತಲೇ ಲೆಕ್ಕ. ಮಂಡ್ಯದ ಟೀ ಅಂಗಡಿಯಲ್ಲೂ ಅದೇ ಮಾತು: "ಒಂದ್ ವಾರ ಬುಟ್ಬುಡ್ಲಿ ಸಾ, ಲಾಹೋರ್ ನಮ್ದೇಯ."

ಶ್ರೀರಂಗಪಟ್ಟಣವನ್ನು ಮಗ್ಗುಲಲ್ಲಿ ಇಟ್ಟುಕೊಂಡು ಹೀಗಾ ಮಾತಾಡೋದು? 1791ರ ಮೇ ತಿಂಗಳಲ್ಲಿ ಇಲ್ಲೇ ಅರಕೆರೆ ಹತ್ತಿರ ಇಂಗ್ಲಿಷ್ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ. ಗೆದ್ದವನು ಆಮೇಲೆ ಮಾಡಿದ್ದೇನು? ಕೋಟೆ ಒಡೆಯಲೆಂದು ಅಷ್ಟು ದೂರದಿಂದ ಎಳೆಸಿಕೊಂಡು ಬಂದಿದ್ದ ಭಾರಿ ತೋಪುಗಳನ್ನು ತಾನೇ ಹಾಳುಮಾಡಿ, ಬಂದ ದಾರಿ ಹಿಡಿದ. ಮೇವಿರಲಿಲ್ಲ, ಮಳೆ ಹಿಡಿಯಿತು, ರೋಗ ಬಿತ್ತು, ಎತ್ತುಗಳು ಸಾಲುಸಾಲಾಗಿ ಸತ್ತವು. ಅಂಥ ಒಂದು ತೋಪು ಎಳೆಯಲು ನಲವತ್ತಕ್ಕೂ ಹೆಚ್ಚು ಎತ್ತು ಬೇಕು. ದೊರೆಗಳು ನೊಗಕ್ಕೆ ಹೆಗಲು ಕೊಡುತ್ತಾರಾ? ಮೇಲುಕೋಟೆ ಕಡೆ, ಆಗ ಕಂಪನಿಯ ಜೊತೆಗಿದ್ದ ಮರಾಠರ ದಂಡು ಎದುರಾದ ಮೇಲೆ, ಅವರ ಬಜಾರಿನಲ್ಲಿ ಹೇಳಿದ ಬೆಲೆ ಕೊಟ್ಟು ಕಾಳುಕಡ್ಡಿ ಕೊಂಡು ಜೀವ ಉಳಿಸಿಕೊಂಡರು.

ಆಂಕರ್ ಸಾಹೇಬರು ಒಂದು ಸಣ್ಣ ಲೆಕ್ಕ ಮಾಡಲಿ. ಆ ಕಾಲದ ಇಪ್ಪತ್ತು ಸಾವಿರ ಜನರ ದಂಡು ಅಂತ ಇಟ್ಟುಕೊಳ್ಳಿ. ಆಳಿಗೆ ದಿನಕ್ಕೆ ಮುಕ್ಕಾಲು ಕಿಲೋ ಅಕ್ಕಿ ಅಂದರೂ 15 ಟನ್ ಆಯಿತು. ಹೇರೆತ್ತು 75 ಕಿಲೋ ಹೊತ್ತರೆ ದಿನದ ಅಕ್ಕಿಗೇ 200 ಎತ್ತು, ತಿಂಗಳ ಅಕ್ಕಿಗೆ 6,000. ಆ 6,000 ಎತ್ತಿಗೆ ಮೇವು? ಮೇವು ಹೊರುವ ಎತ್ತಿಗೆ ಮೇವು? ಇನ್ನೂ ಮದ್ದುಗುಂಡಿನ ಮಾತೇ ಎತ್ತಿಲ್ಲ. ಅದಕ್ಕೇ ಟಿಪ್ಪುವಿನ ಕುದುರೆಯವರು ಹೆಚ್ಚು ಕಾಟ ಕೊಟ್ಟಿದ್ದು ಸಿಪಾಯಿಗಳಿಗಲ್ಲ, ಸಾಮಾನು ಹೊತ್ತ ಸಾಲಿಗೆ ಮತ್ತು ಹುಲ್ಲಿಗೆ.

ಎತ್ತಿನ ಮಾತು ಬಂತಲ್ಲ, ಹೇಳಿಯೇ ಬಿಡುತ್ತೇನೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಅಂದರೆ ಅರಮನೆಯ ದನಗಳ ಇಲಾಖೆಯೇ, ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ಹೆಸರು ಹಾಲುಬೆಣ್ಣೆಯದು, ಕೆಲಸ ತೋಪು ಎಳೆಯೋದು. ಹಿಂಡಿಗೆಂದೇ ರಾಜ್ಯದುದ್ದಕ್ಕೂ ಕಾವಲುಗಳನ್ನು, ಅಂದರೆ ಹುಲ್ಲುಗಾವಲುಗಳನ್ನು, ಬಿಟ್ಟಿದ್ದರು. ಪಟ್ಟಣ ಬಿದ್ದ ಮೇಲೆ, 1803ರಲ್ಲಿ ಕಂಪನಿಯ ಸೇನಾಪತಿ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ಹೋದಾಗ ಅವನ ತೋಪು ಎಳೆದದ್ದೂ ಮೈಸೂರಿನ ಎತ್ತೇ. ನಮ್ಮ ಟಿವಿಯಲ್ಲಿ ಮೈಸೂರು ಅಂದರೆ ರಾಕೆಟ್ ಒಂದೇ. ಇರಲಿ, ಅದು ಹಾರುತ್ತದೆ, ಗ್ರಾಫಿಕ್ಸ್‌ಗೆ ಚೆನ್ನ. ಎತ್ತು ಸಗಣಿ ಹಾಕುತ್ತದೆ.

1799ರಲ್ಲಿ ಕೋಟೆ ಬಿದ್ದ ಕಥೆ ಕೇಳಿದರೆ ಎಲ್ಲರ ಬಾಯಲ್ಲೂ ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್. ದ್ರೋಹಿ ಸಿಕ್ಕಿಬಿಟ್ಟರೆ ಲೆಕ್ಕ ಹಾಕುವ ತಾಪತ್ರಯ ಇಲ್ಲ ನೋಡಿ. ಹೊಳೆ ಕಡೆ ಯಾರೂ ತಿರುಗಿ ನೋಡುವುದಿಲ್ಲ. ವಾಯವ್ಯ ಮೂಲೆಯ ಗೋಡೆ ಒಡೆದು, ಮೇ 4ರ ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ, ಬಿಸಿಲು ನೆತ್ತಿಗೇರಿದ ಹೊತ್ತಲ್ಲಿ, ಇಂಗ್ಲಿಷರು ಬಂಡೆಗಳ ನಡುವೆ ಕಾವೇರಿಯನ್ನು ಕಾಲ್ನಡಿಗೆಯಲ್ಲೇ ದಾಟಿದರು. ಅಷ್ಟು ಹೊತ್ತಿಗೆ ಅವರ ಪಾಳೆಯದಲ್ಲೂ ಅಕ್ಕಿ ತಳ ಕಂಡಿತ್ತು. ಕೊಡಗಿನಲ್ಲಿ ಮಳೆ ಹಿಡಿದು ಹೊಳೆ ಏರಿದ್ದರೆ ಯಾವ ದಂಡು ದಾಟುತ್ತಿತ್ತು? ಕನ್ನಂಬಾಡಿ ಕಟ್ಟೆ ಎಷ್ಟು ಅಡಿ ಆಯ್ತು ಅಂತ ದಿನಾ ಪೇಪರಲ್ಲಿ ಹುಡುಕುವ ಮಂಡ್ಯದವರಿಗೆ ಇದನ್ನೂ ಬಿಡಿಸಿ ಹೇಳಬೇಕಾ?

2025ರ ಮೇ 10ರಂದು ಸರ್ಕಾರವೇ ಟಿವಿಯವರಿಗೆ ಹೇಳಬೇಕಾಯಿತು: ಕಾರ್ಯಕ್ರಮದಲ್ಲಿ ಸೈರನ್ ಊದಬೇಡ್ರಪ್ಪಾ, ನಿಜವಾದ ಸೈರನ್ ಕೂಗಿದ ದಿನ ಜನ ಮಗ್ಗುಲು ಬದಲಿಸಿ ಮಲಗುತ್ತಾರೆ ಅಂತ. ಇಲ್ಲಿವರೆಗೆ ನಗಬಹುದು. ಆದರೆ ಅದೇ ವಾರ ಪೂಂಛ್‌ನಲ್ಲಿ ಶೆಲ್ ಬಿದ್ದು ಸತ್ತ ಒಬ್ಬ ಮದರಸಾ ಮೇಷ್ಟ್ರನ್ನು ಕೆಲವು ಚಾನೆಲ್‌ಗಳು ಉಗ್ರ ಅಂತ ತೋರಿಸಿದವು. ಅಲ್ಲ ಅಂತ ಹೇಳಲು ಅಲ್ಲಿನ ಪೊಲೀಸರೇ ಬರಬೇಕಾಯಿತು. ಸತ್ತವನು ನಮ್ಮವನು, ಕೊಂದದ್ದು ಆಚೆಯವರ ಶೆಲ್ಲು, ಹೆಣದ ಮೇಲೆ ಹೆಸರು ಬರೆದವರು ನಾವು. ಥೂ.

ಇವತ್ತು ರಾತ್ರಿ ಒಂಬತ್ತಕ್ಕೆ ಮತ್ತೆ ಯುದ್ಧ ಇದೆಯಂತೆ. ಎತ್ತಿಗೆ ಹುಲ್ಲು ಹಾಕಿ ಬಂದು ಕೂತ್ಕೊಳ್ಳಿ.